ಬೆಳ್ಳಿ ಫೋರ್ಕಿನ ಬೀಗತನ

ಮೊನ್ನೆ ಅಡುಗೆಮನೆಯ ಡ್ರಾಯರ್‌ನಲ್ಲಿ ಲಟ್ಟಣಿಗೆ ಹುಡುಕುತ್ತಿದ್ದಾಗ ಕೈಗೊಂದು ಫೋರ್ಕ್ ಚುಚ್ಚಿತು. ಮಾಮೂಲಿ ಫೋರ್ಕ್ ಆಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಇದು ಹಳೇ ಯುರೋಪಿನ ಬರೋಕ್ ಶೈಲಿಯ ಫೋರ್ಕ್. ಹಿಡಿಯ ತುಂಬ ದ್ರಾಕ್ಷಿ ಗೊಂಚಲು, ಸುರುಳಿ ಸುತ್ತಿದ ಎಲೆಗಳು, ನಡುವೆ ಒಂದು ಚಿಪ್ಪು, ತುದಿಯಲ್ಲಿ ರೆಕ್ಕೆ ಇರುವ ಒಂದು ದುಂಡು ಮಗು. ಇಷ್ಟೆಲ್ಲ ಜನ ಸೇರಿ ಚುಚ್ಚಿದಾಗ ಬೈಯಲು ಬಾಯಿ ಬರುವುದಿಲ್ಲ. ರಕ್ತ ಒರೆಸಿಕೊಂಡು, ಅದನ್ನು ಬೆಳಕಿಗೆ ಹಿಡಿದು, 'ನಿನ್ನಿಂದ ನನ್ನ ಮಗನ ಮದುವೆಯೇ ನಿಂತುಹೋಗ್ತಿತ್ತಲ್ಲೋ' ಅಂದುಕೊಂಡೆ. ಫೋರ್ಕಿನದು ತಪ್ಪೇನೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಬೆಳ್ಳಿಯ ಹುಚ್ಚು ನನಗೆ ಅಮೆರಿಕಕ್ಕೆ ಬಂದಮೇಲೆ ಹತ್ತಿದ್ದಲ್ಲ. ಮೈಸೂರಿನಲ್ಲಿ ನಮ್ಮಪ್ಪ ಬ್ಯಾಂಕಿನಲ್ಲಿ ಗುಮಾಸ್ತರು. ಮನೆಯಲ್ಲಿ ಇದ್ದದ್ದು ಒಂದೇ ಒಂದು ಬೆಳ್ಳಿ ಲೋಟ, ಅಮ್ಮನ ಸೋದರಮಾವ ಮದುವೆಗೆ ಕೊಟ್ಟದ್ದು. ಕೊಟ್ಟವರ ಹೆಸರನ್ನು ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದರು. ಮನೆಗೆ ಬಂದವರು ಕಾಫಿ ಕುಡಿಯುವಾಗ ಆ ಹೆಸರು ಕಣ್ಣಿಗೆ ಬೀಳಲೆಂದು ಅಮ್ಮ ಲೋಟವನ್ನು ಕೋನ ನೋಡಿ ಇಡುತ್ತಿದ್ದಳು. ಒಬ್ಬರೇ ಬಂದರೆ ಚಿಂತೆಯಿಲ್ಲ. ಇಬ್ಬರು ಬಂದರೆ ಸಂಕಟ. ಯಾರಿಗೆ ಬೆಳ್ಳಿ, ಯಾರಿಗೆ ಸ್ಟೀಲು? ಒಮ್ಮೆ ಅಪ್ಪನ ಮ್ಯಾನೇಜರು ಬೆಳ್ಳಿ ಲೋಟದಲ್ಲಿ ಅರ್ಧ ಕಾಫಿ ಕುಡಿದಿದ್ದಾಗ ನಮ್ಮ ದೊಡ್ಡಪ್ಪ ಬಾಗಿಲಲ್ಲಿ ಪ್ರತ್ಯಕ್ಷರಾದರು. ದೊಡ್ಡಪ್ಪನ ಮೂಗಿನ ತುದಿಯ ಕೋಪ ನಮ್ಮ ಬೀದಿಗೇ ಗೊತ್ತು. ಅಮ್ಮ 'ಅಯ್ಯೋ, ಕಾಫಿ ಆರಿಹೋಗಿದೆ, ಬಿಸಿ ಮಾಡ್ಕೊಂಡು ಬರ್ತೀನಿ' ಎಂದು ಮ್ಯಾನೇಜರ ಕೈಯಿಂದಲೇ ಲೋಟ ತೆಗೆದುಕೊಂಡು ಒಳಗೆ ಹೋದಳು. ವಾಪಸು ಬರುವಾಗ ಮ್ಯಾನೇಜರ ಕಾಫಿ ಸ್ಟೀಲು ಲೋಟದಲ್ಲಿತ್ತು, ದೊಡ್ಡಪ್ಪನದು ಬೆಳ್ಳಿಯದರಲ್ಲಿ. ಮ್ಯಾನೇಜರು ಎರಡೂ ಲೋಟ ನೋಡಿ ಕುಡಿದರು. ಆ ವರ್ಷ ಅಪ್ಪನಿಗೆ ಪ್ರಮೋಷನ್ ಬರಲಿಲ್ಲ. ಎರಡಕ್ಕೂ ಸಂಬಂಧವಿಲ್ಲ ಎಂದು ಅಪ್ಪ ಹೇಳುತ್ತಲೇ ಇದ್ದರು. ಅಮ್ಮ ನಂಬಲಿಲ್ಲ.

ಇಂಥ ತಾಯಿಯ ಮಗಳಾದ ನಾನು ಟೆಕ್ಸಸ್‌ನ ಆಸ್ಟಿನ್ನಿನ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ಮನೆ ಮಾಡಿಕೊಂಡ ಮೇಲೆ ಊರಿಗೆ ಹೋದಾಗಲೆಲ್ಲ ಒಂದೊಂದು ಬೆಳ್ಳಿ ಸಾಮಾನು ತಂದೆ. ದೀಪ, ಪಂಚಪಾತ್ರೆ, ತೀರ್ಥ ಕೊಡುವ ಪುಟ್ಟ ಚಮಚ ಉದ್ಧರಣೆ, ಅರಿಶಿನ ಕುಂಕುಮದ ಬಟ್ಟಲು. ಪ್ರತಿ ಶುಕ್ರವಾರ ವಿಭೂತಿ ಹಚ್ಚಿ ತಿಕ್ಕುತ್ತೇನೆ. ನನ್ನ ಗಂಡ ವೆಂಕಟೇಶ್ ಆ ಹೊತ್ತಿಗೆ ಸರಿಯಾಗಿ ಆಫೀಸಿನ ಕಾಲ್ ಇಟ್ಟುಕೊಳ್ಳುತ್ತಾರೆ. ಮಗ ಅನಿರುದ್ಧ ಚಿಕ್ಕವನಾಗಿದ್ದಾಗ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಅವನು ನೋಡಿದ್ದು ಮುಂದೆ ಇಷ್ಟು ದೂರ ಹೋಗಬಹುದೆಂದು ನನಗೆ ಹೊಳೆದಿರಲಿಲ್ಲ.

ಹೋದ ವರ್ಷ ಅನಿ ತಾನೊಬ್ಬ ಹುಡುಗಿಯನ್ನು ಮೆಚ್ಚಿರುವುದಾಗಿ ಹೇಳಿದ. ಪಲ್ಲವಿ. ಆಸ್ಟಿನ್ನಿನಲ್ಲಿ ಅವನ ಹಾಗೇ ಕಂಪ್ಯೂಟರ್ ಕೆಲಸ. ತಂದೆ ದೇಸಾಯಿ ಡಾಕ್ಟರು ಹ್ಯೂಸ್ಟನ್‌ನಲ್ಲಿ ಮೂಳೆ ಸರ್ಜನ್, ತಾಯಿ ಗಿರಿಜಾ. ಮೂಲ ಧಾರವಾಡದವರು, ಈಗ ಪೇರ್ಲ್ಯಾಂಡ್‌ನಲ್ಲಿ ಮನೆ. 'ಬರ್ರಿ, ನಮ್ಮೂರ ಮೀನಾಕ್ಷಿ ಗುಡಿಗೆ ಹೋಗಿ ಹಂಗ ನಮ್ಮಲ್ಲಿ ಊಟಕ್ಕ ಬರ್ರಿ' ಎಂದು ಗಿರಿಜಾ ಫೋನಿನಲ್ಲಿ ಕರೆದರು. ದನಿ ಎಷ್ಟು ಸಲಿಗೆಯದಾಗಿತ್ತೆಂದರೆ ನಾನು ಹತ್ತಿ ಸೀರೆ ಉಟ್ಟುಕೊಂಡೇ ಹೊರಟೆ.

ಪೇರ್ಲ್ಯಾಂಡ್‌ನ ಆ ಮನೆಯ ಊಟದ ಮೇಜು ನೋಡಿದಾಗ ಹತ್ತಿ ಸೀರೆ ಉಟ್ಟದ್ದಕ್ಕೆ ಮರುಗಿದೆ. ಬಿಳಿಯ ಮೇಜುಬಟ್ಟೆ, ಪ್ರತಿ ತಟ್ಟೆಯ ಎರಡೂ ಪಕ್ಕ ಸಾಲು ಸಾಲಾಗಿ ಬೆಳ್ಳಿಯ ಫೋರ್ಕು, ಚಾಕು, ಚಮಚ. ತಟ್ಟೆಯ ತಲೆಯ ಮೇಲೂ ಅಡ್ಡಲಾಗಿ ಎರಡು. ಒಂದೊಂದರ ಹಿಡಿಯಲ್ಲೂ ಕೆತ್ತನೆ. ಸಿಪಾಯಿಗಳು ಪೆರೇಡಿಗೆ ನಿಂತ ಹಾಗಿತ್ತು. ನಾನು ಕೂತೆ, ನೋಡಿದೆ, ಒಂದು ತೀರ್ಮಾನಕ್ಕೆ ಬಂದೆ: ಗಿರಿಜಾ ಯಾವುದನ್ನು ಎತ್ತಿಕೊಳ್ಳುತ್ತಾರೋ ಅದನ್ನೇ ಎತ್ತಿಕೊಂಡರಾಯಿತು. ಅವರು ಮಾತ್ರ ಏನನ್ನೂ ಎತ್ತಿಕೊಳ್ಳಲೊಲ್ಲರು. ನೀರು ಕುಡಿದರು. ನಾನೂ ಕುಡಿದೆ. ಅವರು ಸೆರಗು ಸರಿಮಾಡಿಕೊಂಡರು. ನಾನೂ ಮಾಡಿಕೊಂಡೆ. ಬದನೆಕಾಯಿ ಎಣ್ಣೆಗಾಯಿ ಆರುತ್ತಿತ್ತು. ಎದುರಿಗೆ ಕೂತಿದ್ದ ಪಲ್ಲವಿ ನನ್ನನ್ನು ಏನೋ ಕೇಳಿದಳು. ನಾನು ಅವಳ ತಾಯಿಯ ಬೆರಳುಗಳಿಂದ ಕಣ್ಣು ಕೀಳದೆ 'ನೀವು ಎಲ್ಲಿ ಕೆಲಸ ಮಾಡೋದು?' ಅಂದೆ. ಅವಳು ಅದನ್ನೇ ಈಗಷ್ಟೇ ಹೇಳಿ ಮುಗಿಸಿದ್ದಳೆಂದು ಆಮೇಲೆ ವೆಂಕಟೇಶ್ ತಿಳಿಸಿದರು.

ಕೊನೆಗೆ ಹಸಿವು ತಾಳಲಾರದೆ ವೆಂಕಟೇಶ್ ತಟ್ಟೆಯ ತಲೆಯ ಮೇಲಿದ್ದ ಪುಟ್ಟ ಚಮಚವನ್ನು ಎತ್ತಿಕೊಂಡು ಪಲ್ಯಕ್ಕೆ ಇಳಿದರು. ಕೂಡಲೇ ಗಿರಿಜಾ ಪುಟ್ಟ ಚಮಚ ಎತ್ತಿಕೊಂಡರು, ಡಾಕ್ಟರು ಎತ್ತಿಕೊಂಡರು, ನಾನೂ ಎತ್ತಿಕೊಂಡೆ. ಜೋಳದ ರೊಟ್ಟಿಯನ್ನೂ ನಾವು ಐಸ್‌ಕ್ರೀಮಿನ ಚಮಚದಲ್ಲೇ ತಿಂದೆವು. ಇದು ದೊಡ್ಡವರ ಮನೆಯ ರೀತಿ ಇರಬೇಕೆಂದು ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ವಾಪಸು ಬರುವಾಗ ಕಾರಿನಲ್ಲಿ ವೆಂಕಟೇಶ್ ಅಂದರು: "ಪಾಪ, ಒಳ್ಳೇ ಜನ. ಸ್ವಲ್ಪ ಬಿಗಿ ಅಷ್ಟೆ."

"ಬಿಗಿ ಅಲ್ಲರೀ, ಅಂತಸ್ತು," ಅಂದೆ.

ಮುಂದಿನ ವಾರ ಅನಿ ಮನೆಗೆ ಬಂದ. ಶೂ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲೇ ನಿಂತ. ಅವನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. "ಅಮ್ಮಾ, ಪಲ್ಲವಿ ಥಿಂಕ್ಸ್ ಯು ಡೋಂಟ್ ಲೈಕ್ ಹರ್."

"ನಾನಾ? ನಾನೇನೋ ಮಾಡಿದೆ?"

"ಯು ವರ್ ಸೋ ಕೋಲ್ಡ್, ಅಮ್ಮಾ. ಶೀ ಕ್ರೈಡ್." ಆಮೇಲೆ ಇನ್ನೂ ಮೆಲ್ಲಗೆ ಹೇಳಿದ, ತಾವಿಬ್ಬರೂ ಮದುವೆಯ ಬಗ್ಗೆ ಇನ್ನೊಮ್ಮೆ ಯೋಚಿಸೋಣವೇ ಎಂದು ಅವಳು ಕೇಳುತ್ತಿದ್ದಾಳೆ ಅಂತ. ಅವನ ಮುಖ ಜ್ವರ ಬಂದವನ ಹಾಗಿತ್ತು.

ಬುದ್ಧಿಯಿರುವ ಯಾವ ತಾಯಿಯಾದರೂ ಆಗಲೇ ಫೋನ್ ಎತ್ತಿಕೊಂಡು ಆ ಹುಡುಗಿಯೊಂದಿಗೆ ಮಾತಾಡುತ್ತಿದ್ದಳು. ನನಗೆ ಹೊಳೆದದ್ದು ಬೇರೆ. ಅವರ ಮೇಜಿಗೆ ನಾವು ಸಮನಲ್ಲ ಅನ್ನುವ ಹಿಂಜರಿಕೆಯಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು? ಅವರನ್ನು ನಮ್ಮ ಮನೆಗೆ ಕರೆಯಬೇಕು. ಅದಕ್ಕೆ ಮೊದಲು ಫೋರ್ಕು ತರಬೇಕು.

ಯೂಲೆಸ್‌ನಲ್ಲಿ ನನ್ನ ಗೆಳತಿ ಸುಧಾ ಇದ್ದಾಳೆ. ಡಲ್ಲಾಸ್ ಸುತ್ತಮುತ್ತ ಯಾರ ಮನೆಯ ಹಳೆಯ ಸಾಮಾನು ಎಲ್ಲಿ ಮಾರಾಟಕ್ಕಿದೆ ಎಂಬುದು ಅವಳಿಗೆ ಬಾಯಿಪಾಠ. ಶನಿವಾರ ಅವಳ ಜೊತೆ ಡಲ್ಲಾಸ್‌ನ ಒಂದು ಹಳೇ ಮನೆಗೆ ಹೋದೆ. ಯಜಮಾನಿ ತೀರಿಕೊಂಡಿದ್ದರಂತೆ, ಮಕ್ಕಳಿಗೆ ಯಾವುದೂ ಬೇಡವಂತೆ. ಮೂಲೆಯ ಮೇಜಿನ ಮೇಲೆ ಮರದ ಪೆಟ್ಟಿಗೆ, ಒಳಗೆ ನೇರಳೆ ಮಖಮಲ್ಲು, ಅದರ ಮೇಲೆ ಮಲಗಿದ್ದವು ಈ ಫೋರ್ಕು, ಚಾಕು, ಚಮಚಗಳು. ಮಾರುವಾಕೆ 'ಬರೋಕ್ ಪ್ಯಾಟರ್ನ್' ಅಂದಳು.

ಸುಧಾ ನನ್ನ ಕಿವಿಯಲ್ಲಿ, "ಬರೋಕಾ? ಎಲ್ಲಿಗೆ ಬರೋಕೇ?" ಅಂದಳು.

"ಬೀಗರು ಬರೋಕೆ," ಅಂದೆ.

ಹಿಡಿಯ ಬೆನ್ನಿಗೆ ಆ ಮನೆತನದ ಮೊದಲಕ್ಷರ ಕೊರೆದಿತ್ತು, ಇಂಗ್ಲಿಷಿನ 'ಡಬ್ಲ್ಯು'. ಸುಧಾ 'ಬೇರೆಯವರ ಹೆಸರು ಕಣೇ, ಬೇಡ' ಅಂದಳು. ನಾನು ನೋಡುತ್ತ ನಿಂತೆ. ಡಬ್ಲ್ಯು ಅಂದರೆ ಪಕ್ಕಪಕ್ಕ ನಿಂತ ಎರಡು 'ವಿ' ತಾನೆ? ನಾನು ವಸುಂಧರಾ, ಅವರು ವೆಂಕಟೇಶ್. ಇದಕ್ಕಿಂತ ದೈವಸಂಕಲ್ಪ ಬೇಕೇ? ಪೆಟ್ಟಿಗೆಯನ್ನು ಮಗುವಿನಂತೆ ತಬ್ಬಿಕೊಂಡು ಕಾರಿಗೆ ಬಂದೆ.

ಮನೆಗೆ ಬಂದಮೇಲೆ ಇನ್ನೊಂದು ಯೋಚನೆ ಶುರುವಾಯಿತು. ಯಾರ್ಯಾರು ಏನೇನು ತಿಂದಿದ್ದರೋ ಇದರಲ್ಲಿ! ಡಿಶ್‌ವಾಷರಿಗೆ ಹಾಕಿ, ಅತಿ ಬಿಸಿಯ ಗುಂಡಿ ಒತ್ತಿ, ತೊಳೆದದ್ದನ್ನೇ ತೊಳೆದೆ. ಮನಸ್ಸಿಗೆ ಮಡಿಯೆನಿಸುವವರೆಗೂ ಬಿಡಲಿಲ್ಲ. ಆ ಬಿಸಿ ಚಾಕುಗಳ ಹೊಟ್ಟೆಯೊಳಗೆ ಏನು ಮಾಡುತ್ತಿದೆಯೆಂದು ನನಗೆ ಹೇಗೆ ತಿಳಿಯಬೇಕು?

ಆಮೇಲೆ ಓದಲು ಕೂತೆ. ಬೀಗರು ಕೇಳಿದರೆ ಹೇಳಲು ಬರಬೇಕಲ್ಲ. ಕೆಲವು ಶತಮಾನಗಳ ಹಿಂದೆ ಯುರೋಪಿನ ದೊರೆಗಳಿಗೆ ಬೆಳ್ಳಿ ಊಟಕ್ಕಿಂತ ಹೆಚ್ಚಾಗಿ ನೋಟಕ್ಕೆ ಬೇಕಾಗಿತ್ತಂತೆ. ಊಟದ ಕೋಣೆಯ ಗೋಡೆಗೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ಇಡುತ್ತಿದ್ದರಂತೆ. ಫ್ರಾನ್ಸಿನ ಒಬ್ಬ ರಾಜ ಯುದ್ಧಕ್ಕೆ ದುಡ್ಡು ಸಾಲದೆ ಅರಮನೆಯ ಬೆಳ್ಳಿಯ ಮೇಜು ಕುರ್ಚಿಗಳನ್ನೇ ಕರಗಿಸಿಬಿಟ್ಟನಂತೆ. ದ್ರಾಕ್ಷಿಯೆಂದರೆ ಸಮೃದ್ಧಿ, ಸುರುಳಿ ಎಲೆಯೆಂದರೆ ಅಳಿವಿಲ್ಲದ ಬಾಳು. ಇಷ್ಟನ್ನು ಬಾಯಿಪಾಠ ಮಾಡಿದೆ. ಉಳಿದದ್ದನ್ನು ನಮ್ಮ ಕಡೆಗೆ ಒಗ್ಗಿಸಿಕೊಂಡೆ. ಚಿಪ್ಪು ಶಂಖವಾಯಿತು. ರೆಕ್ಕೆಯ ಮಗು, ರೆಕ್ಕೆ ಬಿಟ್ಟರೆ, ಬಾಲಕೃಷ್ಣನೇ. ಅಗಲವಾದ ಒಂದು ಚಾಕುವಿನ ಮೇಲೆ ಮೀನು ಕೆತ್ತಿತ್ತು. ಮತ್ಸ್ಯಾವತಾರವೆಂದುಕೊಂಡು ಅದನ್ನು ಒಬ್ಬಟ್ಟು ಬಡಿಸಲು ಇಟ್ಟೆ.

ಟೆಕ್ಸಸ್‌ನ ಮನೆಗಳಲ್ಲಿ ಅತಿಥಿಗಳ ಊಟಕ್ಕೆಂದೇ 'ಫಾರ್ಮಲ್ ಡೈನಿಂಗ್' ಅಂತ ಒಂದು ಕೋಣೆ ಇರುತ್ತದೆ. ನಮ್ಮಲ್ಲಿ ಅಲ್ಲಿ ಅಕ್ಕಿ ಮೂಟೆ, ದಸರಾ ಬೊಂಬೆಗಳ ಡಬ್ಬಗಳು, ಯಾರೂ ಓಡದ ಟ್ರೆಡ್‌ಮಿಲ್ ಇದ್ದವು. ವೆಂಕಟೇಶ್ ಅವನ್ನೆಲ್ಲ ಗರಾಜಿಗೆ ಸಾಗಿಸಿದರು. "ವಸು, ಹುಡುಗಿ ಒಪ್ಪಿಸೋಕೆ ಟ್ರೆಡ್‌ಮಿಲ್ ಯಾಕೆ ತೆಗೀಬೇಕು?" ಎಂದು ಸೊಂಟ ಹಿಡಿದುಕೊಂಡು ಕೇಳಿದರು. ನಾನು ಫೋರ್ಕುಗಳನ್ನು ಕವುಚಿ ಇಡುವುದರಲ್ಲಿ ಮುಳುಗಿದ್ದೆ. ಮನೆತನದ ಗುರುತು ಕಾಣಲೆಂದು ಫ್ರಾನ್ಸಿನಲ್ಲಿ ಹಾಗೆಯೇ ಇಡುತ್ತಿದ್ದರಂತೆ.

ಬೀಗರು ಬಂದರು. ಗಿರಿಜಾ ರೇಷ್ಮೆ ಸೀರೆ, ಡಾಕ್ಟರು ಟೈ. ಪಲ್ಲವಿ ಎಲ್ಲರಿಗಿಂತ ಹಿಂದೆ, ಹೂಗುಚ್ಛವನ್ನು ಗುರಾಣಿಯಂತೆ ಹಿಡಿದಿದ್ದಳು. ಮೇಜು ನೋಡಿದ ಗಿರಿಜಾ ಅವರ ಮುಖ ಬಿಳುಚಿಕೊಂಡಿತು. ನನ್ನ ಬೆಳ್ಳಿಯ ಪ್ರಭಾವವೆಂದು ಒಳಗೊಳಗೇ ಹಿಗ್ಗಿದೆ. ಅವರು ಕೂತವರೇ ಕವುಚಿದ್ದ ಫೋರ್ಕುಗಳನ್ನು ಯಾರಿಗೂ ಕಾಣದ ಹಾಗೆ ಒಂದೊಂದಾಗಿ ಅಂಗಾತ ಮಾಡಿದರು. ಶುಭಕಾರ್ಯದ ಮನೆಯಲ್ಲಿ ಕವುಚಿ ಇಡುವುದು ಅವರಿಗೆ ಸರಿಬರಲಿಲ್ಲವೆಂದು ಆಮೇಲೆ ತಿಳಿಯಿತು.

ನಾನು ಗಂಟಲು ಸರಿಮಾಡಿಕೊಂಡು ದ್ರಾಕ್ಷಿಯ ಅರ್ಥ ಹೇಳಿದೆ. "ಹೌದ್ರಿ?" ಅಂದರು ಡಾಕ್ಟರು. ಎಲೆಯ ಅರ್ಥ ಹೇಳಿದೆ. "ಹೌದ್ರಿ?" ಅಂದರು. ಬೆಳ್ಳಿ ಕರಗಿಸಿದ ರಾಜನ ಕಥೆ ಹೇಳಿದಾಗ ನೀರು ಕುಡಿದರು. ಅನಿ ತಟ್ಟೆಯನ್ನೇ ನೋಡುತ್ತ ಕೂತಿದ್ದ. ಅವನಿಗೂ ಪಲ್ಲವಿಗೂ ನಡುವೆ ಒಂದು ಖಾಲಿ ಕುರ್ಚಿ ಇತ್ತು. ಅದನ್ನು ಇಟ್ಟವರು ಯಾರೆಂದು ನಾನು ಕೇಳಲಿಲ್ಲ. ನಾನಂದುಕೊಂಡಂತೆ ಏನೂ ಆಗುತ್ತಿಲ್ಲವೆಂದು ಮೊದಲ ಸಲ ಅನ್ನಿಸಿತು.

ಆಗ ಡಾಕ್ಟರು ಕೋಡುಬಳೆಗೆ ಕೈಹಾಕಿದರು. ಕೈ ಅಂದರೆ ಕೈಯಲ್ಲ, ಫೋರ್ಕು ಮತ್ತು ಚಾಕು. ನನ್ನ ಕೋಡುಬಳೆ ಸ್ವಲ್ಪ ಗಟ್ಟಿ, ಒಪ್ಪುತ್ತೇನೆ. ಅವರು ಎಡಗೈಯ ಫೋರ್ಕಿನಿಂದ ಅದನ್ನು ಒತ್ತಿಹಿಡಿದು, ಬಲಗೈಯ ಚಾಕುವನ್ನು ಅದರ ಮೇಲಿಟ್ಟು, ಸರ್ಜನ್‌ಗಳಿಗೆ ಮಾತ್ರ ಬರುವ ಗಾಂಭೀರ್ಯದಿಂದ ಕೊಯ್ಯತೊಡಗಿದರು. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದೆವು. ಟಪ್ ಅಂತ ಸದ್ದಾಯಿತು. ಕೋಡುಬಳೆಯ ಅರ್ಧ ಹಾರಿ ವೆಂಕಟೇಶ್ ಅವರ ಸಾರಿನ ಬಟ್ಟಲಿಗೆ ಬಿತ್ತು. ಚಾಕುವಿನ ಅಲಗು ತಟ್ಟೆಯ ಮೇಲೆ ಉಳಿಯಿತು. ಡಾಕ್ಟರ ಕೈಯಲ್ಲಿ ಹಿಡಿ ಮಾತ್ರ, ಅದರ ತುದಿಯಲ್ಲಿ ಬಾಲಕೃಷ್ಣ. ಡಿಶ್‌ವಾಷರಿನ ಬಿಸಿಗೆ ಬಿಟ್ಟುಕೊಂಡಿದ್ದ ಅಂಟು ಹಿಡಿಯೊಳಗಿನಿಂದ ಕಪ್ಪನೆಯ ಪುಡಿಯಾಗಿ ಬಿಳಿ ಮೇಜುಬಟ್ಟೆಯ ಮೇಲೆ ಉದುರಿತು.

ಡಾಕ್ಟರು ಹಿಡಿಯನ್ನು ಕಣ್ಣಿನ ಹತ್ತಿರ ತಂದು ಒಳಗೆ ಇಣುಕಿದರು.

"ವಸುಂಧರಾ ಅವರ, ಇದು ಪೂರಾ ಫ್ರ್ಯಾಕ್ಚರ್ ಆಗೇದ್ರಿ," ಅಂದರು. ಆಮೇಲೆ ನಿಜವಾದ ಆಶ್ಚರ್ಯದಿಂದ, "ಅಲ್ರೀ, ಹೊರಗ ಇಷ್ಟು ಬೆಳ್ಳಿ, ಒಳಗ ಡಾಂಬರು ತುಂಬ್ಯಾರಲ್ರಿ!"

ನನಗೆ ಅಳು ಬರುವುದರಲ್ಲಿತ್ತು. ಅಷ್ಟರಲ್ಲಿ ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರ ಭುಜ ಕುಲುಕುತ್ತಿತ್ತು. ನಗು ತಡೆಯಲಾರದೆ ಕಣ್ಣಲ್ಲಿ ನೀರು. "ಇಲ್ರಿ, ತಪ್ಪು ತಿಳೀಬ್ಯಾಡ್ರಿ," ಅಂದರು. "ಒಂದ್ ಮಾತ್ ಹೇಳಿಬಿಡ್ತೀನಿ. ಅವತ್ತ ನಮ್ಮ ಮನ್ಯಾಗ ಇಟ್ಟಿದ್ದು ನಮ್ದಲ್ರಿ. ಬಾಡಿಗಿ ತಂದಿದ್ವಿ. ಪಾರ್ಟಿ ಸಾಮಾನ್ ಕೊಡೋರ ಹತ್ರ."

"ಬಾಡಿಗೆನಾ? ಯಾಕ್ರೀ?"

"ನಿಮ್ಮ ಸಲುವಾಗೇರಿ! ನಿಮ್ಮ ಹುಡುಗ ಪಲ್ಲವಿ ಮುಂದ ಹೇಳಿದ್ನಂತ, ನಮ್ಮಮ್ಮ ಪ್ರತಿ ಶುಕ್ರವಾರ ಸಿಲ್ವರ್‌ವೇರ್ ಪಾಲಿಶ್ ಮಾಡ್ತಾಳಂತ. ಇವರು ಭಾಳ ದೊಡ್ಡ ಮಂದಿ, ನಮ್ಮ ಸ್ಟೀಲ್ ತಾಟಿನ್ಯಾಗ ಉಣ್ಣೋರಲ್ಲ ಅಂತ ಹೆದರಿ ಸತ್ತಿದ್ವಿ."

ಎಲ್ಲರೂ ಅನಿಯ ಕಡೆ ತಿರುಗಿದೆವು.

"ವಾಟ್?" ಅಂದ ಅನಿ. "ಶೀ ಡಸ್! ದ ದೀಪ, ದ ಲಿಟಲ್ ಸ್ಪೂನ್... ವಾಟ್ ಎಲ್ಸ್ ಡು ಯು ಕಾಲ್ ಇಟ್?"

ಇಲ್ಲಿ ಸಿಲ್ವರ್‌ವೇರ್ ಅಂದರೆ ಊಟದ ಫೋರ್ಕು, ಚಮಚ. ದೇವರ ಉದ್ಧರಣೆಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಒಂದು ಉದ್ಧರಣೆಯ ದೆಸೆಯಿಂದ ಪೇರ್ಲ್ಯಾಂಡ್‌ಗೆ ಬೆಳ್ಳಿ ಬಾಡಿಗೆಗೆ ಬಂತು, ಅದರ ದೆಸೆಯಿಂದ ಡಲ್ಲಾಸ್‌ನ ಬೆಳ್ಳಿ ಫ್ಲೂಗರ್‌ವಿಲ್‌ಗೆ ಬಂತು. ವೆಂಕಟೇಶ್ ಸಾರಿನಿಂದ ಕೋಡುಬಳೆ ಎತ್ತಿ ಬಾಯಿಗೆ ಹಾಕಿಕೊಂಡು, "ಈಗ ಮೆತ್ತಗಾಗಿದೆ, ಚೆನ್ನಾಗಿದೆ," ಅಂದರು. ಅಲ್ಲಿಂದ ಮುಂದೆ ಯಾರು ಮೊದಲು ನಕ್ಕರೋ ನೆನಪಿಲ್ಲ. ಡಾಕ್ಟರು ಟೈ ಬಿಚ್ಚಿ ಕುರ್ಚಿಗೆ ನೇತುಹಾಕಿ, ಕೈತೊಳೆದು ಬಂದು, ಬಿಸಿಬೇಳೆಬಾತನ್ನು ಕೈಯಲ್ಲೇ ಕಲಸಿಕೊಂಡರು. ನಾವೆಲ್ಲ ಕೈಯಲ್ಲೇ ಉಂಡೆವು. ಖಾಲಿ ಕುರ್ಚಿ ಯಾವಾಗ ಭರ್ತಿಯಾಯಿತೋ ನಾನು ಗಮನಿಸಲಿಲ್ಲ. ನೋಡಿದಾಗ ಅನಿ ಅಲ್ಲಿ ಕೂತು ಪಲ್ಲವಿಗೆ ಕೋಡುಬಳೆ ಮುರಿದುಕೊಡುತ್ತಿದ್ದ.

ಊಟವಾದ ಮೇಲೆ ನಾನೂ ಗಿರಿಜಾ ಅವರೂ ಪಲ್ಲವಿಯೂ ಸಿಂಕಿನ ಮುಂದೆ ನಿಂತು ಬಳಸದ ಬೆಳ್ಳಿಯನ್ನೂ ತೊಳೆಯುತ್ತಿದ್ದೆವು. ಮೇಜಿನ ಮೇಲೆ ಅಷ್ಟು ಹೊತ್ತು ಎಲ್ಲರ ಎಂಜಲಿನ ನಡುವೆ ಇತ್ತಲ್ಲ. ಪಲ್ಲವಿ ಒಂದು ಚಮಚವನ್ನೇ ಬಹಳ ಹೊತ್ತು ಒರೆಸಿದಳು.

"ಆಂಟಿ, ದಟ್ ಡೇ, ಯು ನೆವರ್ ಲುಕ್ಡ್ ಅಟ್ ಮೀ. ನಾಟ್ ಈವನ್ ಒನ್ಸ್," ಅಂದಳು. ತಕರಾರಿನ ದನಿಯಲ್ಲ. ಹೇಳದೆ ಇರಲಾರದವರು ಹೇಳುವ ದನಿ.

ನಾನು ನಲ್ಲಿ ನಿಲ್ಲಿಸಿದೆ. ಅಂತಸ್ತು, ಲಾಂಛನ, ದ್ರಾಕ್ಷಿ ಗೊಂಚಲು ಯಾವುದೂ ನೆರವಿಗೆ ಬರಲಿಲ್ಲ. "ನಾನು ಯಾರನ್ನೂ ನೋಡ್ತಿರಲಿಲ್ಲ ಪಲ್ಲವಿ," ಅಂದೆ. "ನಿಮ್ಮಮ್ಮನ ಕೈಯನ್ನೇ ನೋಡ್ತಿದ್ದೆ. ಅವರು ಯಾವ ಫೋರ್ಕ್ ಎತ್ಕೋತಾರೆ ಅಂತ. ನನಗೆ ಒಂದೂ ಗೊತ್ತಿರಲಿಲ್ಲ."

ಗಿರಿಜಾ ಸೋಪಿನ ಕೈಯನ್ನು ಎದೆಗಿಟ್ಟುಕೊಂಡರು. "ಅಯ್ಯ ಶಿವನ! ನಾ ನಿಮ್ಮ ಕೈ ನೋಡ್ಲಿಕ್ಕತ್ತಿದ್ದೆನಲ್ರಿ!"

ಪಲ್ಲವಿ ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು. ಚಮಚ ಕೆಳಗಿಟ್ಟಳು. ಮುಖವನ್ನು ನನ್ನ ಕಡೆ ಪೂರ್ತಿ ತಿರುಗಿಸಿ, ತಾಯಿಯದೇ ಧಾರವಾಡದ ರಾಗದಲ್ಲಿ ಹೇಳಿದಳು: "ಹಂಗಾದ್ರ ಈಗ ನೋಡ್ರಿ."

ನೋಡಿದೆ. ಎಡಹುಬ್ಬಿನ ಮೇಲೆ ಚಿಕ್ಕಂದಿನ ಯಾವುದೋ ಗಾಯದ ಗೆರೆ ಇತ್ತು. ಗಲ್ಲಕ್ಕೆ ತುಪ್ಪ ಅಂಟಿತ್ತು. ಕಣ್ಣುಗಳು ಸ್ವಲ್ಪ ಹೆದರಿಕೊಂಡೇ ಕಾಯುತ್ತಿದ್ದವು. ನನ್ನವೂ ಹಾಗೆಯೇ ಇದ್ದಿರಬೇಕು.

"ಒಬ್ಬಟ್ಟು ಇನ್ನೊಂದಿದೆ, ತಿಂತೀಯಾ?" ಅಂದೆ. ಅಷ್ಟು ದಿನ ಬಹುವಚನದಲ್ಲಿ ಮಾತಾಡಿಸಿದ ಹುಡುಗಿಗೆ ಏಕವಚನ ಅದು ಹೇಗೆ ಬಂತೋ, ಬಂದುಬಿಟ್ಟಿತ್ತು.

"ಕೈಯಾಗ ಕೊಡ್ರಿ," ಎಂದು ಅವಳು ಒದ್ದೆ ಅಂಗೈಯನ್ನು ಮುಂದೆ ಚಾಚಿದಳು.